ಮದ್ದು ಮೊದಲಿಡುವ ಹೊತ್ತು

ನಮ್ಮ ಕೋಲಾರದ ಸೀಮೆಯಲ್ಲಿ ‘ಮದ್ದು’ ಎಂಬ ಮಾತಿಗೆ ಅರ್ಥಗಳು ಹಲವು. ರೋಗ ಕಳೆಯುವುದೂ ಮದ್ದು. ಅನ್ನದಲ್ಲಿ ಏನನ್ನೋ ಬೆರೆಸಿ ಒಬ್ಬನನ್ನು ಕೆಡಿಸುವುದಕ್ಕೂ ‘ಮದ್ದು ಹಾಕುವುದು’ ಎಂದೇ ಹೆಸರು. ಬಂದೂಕಿಗೆ ತುಂಬುವುದೂ ಮದ್ದೇ. ಗಡಿಯ ಹಳ್ಳಿಗಳ ತೆಲುಗಿನಲ್ಲಿ ‘ಮಂದು’ ಎಂದರೆ ಹೆಂಡವೆಂಬ ಅರ್ಥವೂ ಉಂಟು. ಒಂದೇ ಶಬ್ದದಲ್ಲಿ ಜೀವವನ್ನೂ ಭಯವನ್ನೂ ಕೂಡಿಸಿಟ್ಟುಕೊಂಡಿರುವ ನಮ್ಮ ಜನಕ್ಕೆ, ಮದ್ದು ನುಂಗುವ ಮುನ್ನ ಮನುಷ್ಯನ ಕೈ ಏಕೆ ತಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

2018ರ ಮಳೆಗಾಲ ಕಳೆದ ಮೇಲೆ, ಬಹುಕಾಲದ ಹಿಂದೆ ನನ್ನಲ್ಲಿ ಕನ್ನಡ ಓದಿದ್ದ ಒಬ್ಬಾತ ಮನೆಗೆ ಬಂದ. ಬೆಂಗಳೂರಿನಲ್ಲಿ ಉದ್ಯೋಗ, ಮದುವೆಯಿಲ್ಲ. ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತಿದ್ದವನು, ತನಗೆ ಎಚ್.ಐ.ವಿ. ಸೋಂಕು ಇರುವುದು 2012ರಲ್ಲಿಯೇ ಗೊತ್ತಾಯಿತೆಂದೂ, ತನ್ನ ಪ್ರೀತಿ ಗಂಡಸರ ಕಡೆಗೇ ಇರುವುದೆಂದೂ ಹೇಳಿದ. ಆಮೇಲೆ, “ಸಾರ್, ಆವಾಗ ಮಾತ್ರೆ ಈಗಲೇ ಬೇಡ ಅಂದರು. ಈಗ ತಡಮಾಡದೆ ತೊಗೋ ಅಂತಾರೆ. ಯಾವ ಮಾತು ನಂಬಲಿ?” ಎಂದು ಕೇಳಿದ. ನಾನು ವೈದ್ಯನಲ್ಲ. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ಕೇಳಿ ತಿಳಿದುಕೊಂಡುದನ್ನು ಇಲ್ಲಿ ಕ್ರಮವಾಗಿ ಹೇಳಲು ಯತ್ನಿಸಿದ್ದೇನೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ವಿಷಯ ಏತಕ್ಕೆಂದು ಯಾರಾದರೂ ಕೇಳಿದರೆ, ಈ ಚರಿತ್ರೆಯ ಕೊನೆಯ ಅಧ್ಯಾಯ ಮನೆಮಂದಿಯ ಕೈಯಲ್ಲಿಯೇ ಇದೆ ಎಂಬುದು ನನ್ನ ಉತ್ತರ.

ರೋಗಕ್ಕಿಂತ ರೋಗದ ಹೆಸರಿಗೆ ಹೆಚ್ಚು ಹೆದರುವುದು ನಮಗೆ ಹೊಸದಲ್ಲ. ಶ್ರೀನಿವಾಸಪುರದಿಂದ ಗಡಿ ದಾಟಿದರೆ ಮದನಪಲ್ಲಿ. ಅದರ ಮಗ್ಗುಲಲ್ಲಿ ಆರೋಗ್ಯವರಂ. 1910ರ ದಶಕದಲ್ಲಿ ಮಿಷನ್ನಿನವರು ಅಲ್ಲಿ ಕ್ಷಯರೋಗಿಗಳಿಗಾಗಿ ದೊಡ್ಡ ಆಸ್ಪತ್ರೆಯನ್ನು ಕಟ್ಟಿದರು. ಕ್ಷಯವೆಂದರೆ ಮನೆ ಬಿಟ್ಟು ಹೋಗಬೇಕಾದ ರೋಗ, ಹೆಣ್ಣು ಕೊಡುವವರೂ ತರುವವರೂ ಹಿಂಜರಿಯುವ ರೋಗ ಎಂಬ ಕಾಲ ಅದು. 1956ರಲ್ಲಿ ಮದರಾಸಿನಲ್ಲಿ ಒಂದು ಪರೀಕ್ಷೆ ಮೊದಲಾಯಿತು: ಕೆಲವು ರೋಗಿಗಳನ್ನು ಆಸ್ಪತ್ರೆಯಲ್ಲಿಯೂ ಕೆಲವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಇಟ್ಟು ಒಂದೇ ಔಷಧವನ್ನು ಕೊಟ್ಟು ನೋಡಿದರು. 1959ರಲ್ಲಿ ಫಲ ಹೊರಬಿದ್ದಾಗ, ಮನೆಯಲ್ಲಿದ್ದವರು ಆಸ್ಪತ್ರೆಯವರಷ್ಟೇ ಚೆನ್ನಾಗಿ ಗುಣವಾಗಿದ್ದರು; ಮನೆಯ ಇತರರಿಗೆ ಅದರಿಂದ ಹೆಚ್ಚಿನ ಅಪಾಯವೂ ಒದಗಿರಲಿಲ್ಲ. ಔಷಧ ಸರಿಯಾಗಿ ನಡೆದರೆ ರೋಗಿಯನ್ನು ಮನೆಯಿಂದ ಹೊರಗಿಡಬೇಕಾಗಿಲ್ಲ ಎಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ನೋಡೋಣ.

1981ರ ಜೂನ್ 5ರಂದು ಅಮೆರಿಕದ ಆರೋಗ್ಯ ಇಲಾಖೆಯ ವಾರಪತ್ರಿಕೆಯೊಂದರಲ್ಲಿ ಸಣ್ಣದೊಂದು ವರದಿ ಬಂದಿತು. ಲಾಸ್ ಏಂಜಲೀಸ್ ನಗರದ ಐದು ಮಂದಿ ತರುಣರಿಗೆ ಅಪರೂಪವಾದ ಶ್ವಾಸಕೋಶದ ರೋಗ ತಗುಲಿದೆ, ಐವರೂ ಸಲಿಂಗಾನುರಾಗಿಗಳು ಎಂಬುದು ಅದರ ಸಾರಾಂಶ. ರೋಗಕ್ಕೆ ಹೆಸರಿಡುವ ಮೊದಲೇ ರೋಗಿಗೆ ಹೆಸರಿಟ್ಟಂತಾಯಿತು. ಮುಂದೆ ಈ ವ್ಯಾಧಿ ಗಂಡಸು, ಹೆಂಗಸು, ಮಕ್ಕಳೆನ್ನದೆ ಎಲ್ಲರಿಗೂ ತಗುಲಬಲ್ಲುದೆಂದು ಸ್ಪಷ್ಟವಾದರೂ ಆ ಮೊದಲ ಮುದ್ರೆ ಅಳಿಯಲಿಲ್ಲ. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ, ಲೂಕ್ ಮಾಂತಾನ್ಯೇ ಮೊದಲಾದವರು ಇದಕ್ಕೆ ಕಾರಣವಾದ ವೈರಾಣುವನ್ನು ಕಂಡುಹಿಡಿದರು. ಆ ಇಬ್ಬರಿಗೂ 2008ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

ಈ ವೈರಾಣುವಿನ ಸುದ್ದಿ ನಮ್ಮ ಸೀಮೆಗೆ ಬಂದುದು ದೂರದಿಂದಲ್ಲ. ಮುಳಬಾಗಿಲೆಂದರೆ ‘ಮೂಡಲ ಬಾಗಿಲು’ ಎಂದು ಬಲ್ಲವರು ಹೇಳುವುದುಂಟು. ಆ ಬಾಗಿಲನ್ನು ದಾಟಿ ಚಿತ್ತೂರಿನ ಮೇಲೆ ಇಳಿದರೆ ವೆಲ್ಲೂರು. 1986ರಲ್ಲಿ ಮದರಾಸಿನ ವೈದ್ಯ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಎಂಬವರು, ತಮ್ಮ ಗುರು ಸುನೀತಿ ಸಾಲೊಮನ್ ಅವರ ಸೂಚನೆಯಂತೆ ಸಂಗ್ರಹಿಸಿದ ರಕ್ತದ ಮಾದರಿಗಳನ್ನು ರೈಲಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದರು. ಭಾರತದಲ್ಲಿ ಎಚ್.ಐ.ವಿ. ಇರುವುದು ಮೊದಲು ತಿಳಿದುದು ಅಲ್ಲಿ. ಆ ರಕ್ತ ಮೈಮಾರಿ ಬದುಕುತ್ತಿದ್ದ ಹೆಂಗಸರದು. ಹೀಗಾಗಿ ನಮ್ಮ ದೇಶದಲ್ಲಿ ಎಲ್ಲರ ಕಣ್ಣೂ ಆ ಹೆಂಗಸರ ಕಡೆಗೆ, ಲಾರಿ ಓಡಿಸುವವರ ಕಡೆಗೆ ತಿರುಗಿತು. ಗಂಡಸನ್ನು ಪ್ರೀತಿಸುವ ಗಂಡಸು ನಮ್ಮ ಊರುಗಳಲ್ಲಿ ಇದ್ದಾನೆಂದು ಒಪ್ಪಿಕೊಳ್ಳುವುದಕ್ಕೇ ಯಾರೂ ಸಿದ್ಧರಿರಲಿಲ್ಲ. ಕನ್ನಡದಲ್ಲಿ ಅವನನ್ನು ಕರೆಯಲು ಜನರ ಬಾಯಲ್ಲಿದ್ದುದೆಲ್ಲ ಬೈಗುಳ. ‘ಸಲಿಂಗಾನುರಾಗಿ’ ಎಂಬುದು ಈಚೆಗೆ ಸಂಸ್ಕೃತದ ನೆರವಿನಿಂದ ಕಟ್ಟಿದ ಮಾತು. ಹೆಸರೇ ಇಲ್ಲದವನು ವೈದ್ಯರ ಮುಂದೆ ತಾನು ಯಾರೆಂದು ಹೇಳಿಕೊಳ್ಳುವುದು ಹೇಗೆ?

ಇನ್ನು ಔಷಧದ ವಿಚಾರ. ಮೊದಲ ಔಷಧಕ್ಕೆ ಎ.ಝಡ್.ಟಿ. ಎಂದು ಹೆಸರು; 1987ರ ಮಾರ್ಚಿಯಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ನಾಲ್ಕು ನಾಲ್ಕು ಗಂಟೆಗೊಮ್ಮೆ ಹಗಲೂ ರಾತ್ರಿ ನುಂಗಬೇಕು. ಅನೇಕರಿಗೆ ರಕ್ತ ಕ್ಷೀಣಿಸುತ್ತಿತ್ತು, ವಾಕರಿಕೆ ಬಿಡುತ್ತಿರಲಿಲ್ಲ. ವರ್ಷಕ್ಕೆ ಎಂಟು ಹತ್ತು ಸಾವಿರ ಡಾಲರು ಬೆಲೆ. ಗೆಳೆಯರು ಒಬ್ಬೊಬ್ಬರಾಗಿ ಸಾಯುವುದನ್ನು ಕಂಡ ಅಮೆರಿಕದ ಸಲಿಂಗಾನುರಾಗಿಗಳು ಔಷಧ ಬೇಗ ಬರಲಿ, ಬೆಲೆ ಇಳಿಯಲಿ ಎಂದು ಬೀದಿಗಿಳಿದು ಹೋರಾಡಿದರು. ಅವರೊಳಗೇ ಹಲವರು, ಸಾಯಿಸುವುದು ರೋಗವೋ ಔಷಧವೋ ಎಂದು ಸಂದೇಹಪಟ್ಟು ಮಾತ್ರೆಯನ್ನು ದೂರವಿಟ್ಟರು. ಆ ಸಂದೇಹ ಬರಿಯ ಮೌಢ್ಯವಾಗಿರಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸುಗಳಲ್ಲಿ ಕಾಂಕಾರ್ಡ್ ಎಂಬ ಹೆಸರಿನ ದೊಡ್ಡ ಪರೀಕ್ಷೆ ನಡೆದು, ರೋಗಲಕ್ಷಣಗಳಿಲ್ಲದವರು ಎ.ಝಡ್.ಟಿ. ಒಂದನ್ನೇ ಬೇಗ ಮೊದಲಿಟ್ಟುದರಿಂದ ಹೆಚ್ಚು ಕಾಲ ಬದುಕಲಿಲ್ಲವೆಂದು 1994ರಲ್ಲಿ ಪ್ರಕಟವಾಯಿತು. ಕಾಯೋಣ ಎಂದವರ ಮಾತು ಆ ಮಟ್ಟಿಗೆ ನಿಜವಾಗಿತ್ತು.

1996ರಲ್ಲಿ ಕಾಲ ತಿರುಗಿತು. ಒಂದು ಔಷಧದ ಬದಲು ಮೂರನ್ನು ಕೂಡಿಸಿ ಕೊಟ್ಟರೆ ವೈರಾಣು ರಕ್ತದಲ್ಲಿ ಕಾಣದಷ್ಟು ಅಡಗುವುದೆಂದು ಆ ವರ್ಷ ವ್ಯಾಂಕೂವರ್ ನಗರದ ಸಮ್ಮೇಳನದಲ್ಲಿ ವಿದ್ವಾಂಸರು ತೋರಿಸಿಕೊಟ್ಟರು. ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋದರು. ರೋಗವನ್ನು ಮೊದಲಲ್ಲೇ, ಬಲವಾಗಿ ಹೊಡೆಯಬೇಕೆಂಬ ಉತ್ಸಾಹ ಎಲ್ಲೆಡೆ ಹರಡಿತು. ಆದರೆ ಕೆಲವೇ ವರ್ಷಗಳಲ್ಲಿ ಕೆನ್ನೆ ಒಳಸೇರುವುದು, ಹೊಟ್ಟೆ ಬೆನ್ನಿನಲ್ಲಿ ಕೊಬ್ಬು ತುಂಬುವುದು, ಕಾಲು ಜೋಮು ಹಿಡಿಯುವುದು ಮೊದಲಾದ ಉಪದ್ರವಗಳು ಕಂಡುಬಂದವು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬಂತೆ, ದೇಹದ ಕಾವಲು ಇನ್ನೂ ಗಟ್ಟಿಯಾಗಿರುವಾಗ ಇಷ್ಟು ಉಗ್ರವಾದ ಔಷಧ ಬೇಡವೆಂದು ವೈದ್ಯರೇ ಹಿಂದೆ ಸರಿದರು. ಆ ಕಾವಲನ್ನು ಅಳೆಯಲು ಸಿ.ಡಿ.-4 ಎಂಬ ಕಣಗಳ ಲೆಕ್ಕವುಂಟು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 500ಕ್ಕೆ ಮೇಲೆ. 200ಕ್ಕಿಂತ ಕೆಳಗಿಳಿದರೆ ಗಂಡಾಂತರ.

ನಮ್ಮ ದೇಶದಲ್ಲಿ ಬೇಗವೋ ತಡವೋ ಎಂಬ ಚರ್ಚೆಗೆ ಮೊದಲು ಹಣದ ಪ್ರಶ್ನೆಯಿತ್ತು. ವರ್ಷಕ್ಕೆ ಹತ್ತು ಸಾವಿರ ಡಾಲರು ತೆರುವವರು ಯಾರು? 1970ರ ಪೇಟೆಂಟ್ ಕಾನೂನು ಔಷಧವಸ್ತುವಿನ ಮೇಲೆ ಯಾರಿಗೂ ಏಕಸ್ವಾಮ್ಯ ಕೊಡದೆ, ತಯಾರಿಸುವ ವಿಧಾನದ ಮೇಲೆ ಮಾತ್ರ ಹಕ್ಕು ಕೊಟ್ಟಿತ್ತು. ಅದರ ಬಲದಿಂದ ಮುಂಬಯಿಯ ಸಿಪ್ಲಾ ಕಂಪನಿ ಈ ಔಷಧಗಳನ್ನು ತಾನೇ ತಯಾರಿಸಿತು. 2001ರ ಫೆಬ್ರುವರಿಯಲ್ಲಿ ಅದರ ಯಜಮಾನರಾದ ಯೂಸುಫ್ ಹಮೀದರು, ಬಡರೋಗಿಗಳಿಗೆ ಚಿಕಿತ್ಸೆ ಕೊಡುವ ವೈದ್ಯರ ಸಂಘಕ್ಕೆ ಮೂರು ಔಷಧಗಳ ಒಂದು ವರ್ಷದ ಚಿಕಿತ್ಸೆಯನ್ನು 350 ಡಾಲರಿಗೆ, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು 16,000 ರೂಪಾಯಿಗೆ, ಒದಗಿಸುವುದಾಗಿ ಸಾರಿದರು. ಲೋಕವೇ ಬೆರಗಾಯಿತು. ಮೂರು ವರ್ಷ ಕಳೆದು, 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಈ ಚಿಕಿತ್ಸೆಯನ್ನು ಉಚಿತವಾಗಿ ಕೊಡಲು ಮೊದಲಿಟ್ಟಿತು. ಆರಂಭದಲ್ಲಿ ದೇಶಕ್ಕೆಲ್ಲ ಬೆರಳೆಣಿಕೆಯ ಕೇಂದ್ರಗಳು. ಅವುಗಳಲ್ಲೊಂದು ಬೆಂಗಳೂರಿನ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಲ್ಲಿ. ಮಾಲೂರಿನವರು ರೈಲು ಹತ್ತಿ, ಮುಳಬಾಗಿಲಿನವರು ಬಸ್ಸು ಹತ್ತಿ ಅಲ್ಲಿಗೆ ಹೋಗಬೇಕಾಗಿದ್ದ ಕಾಲ. ಮುಂದೆ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿಯೇ ಎ.ಆರ್.ಟಿ. ಕೇಂದ್ರವಾಯಿತು. ಎ.ಆರ್.ಟಿ. ಎಂದರೆ ಈ ಕೂಡು ಔಷಧದ ಚಿಕಿತ್ಸೆ.

ಔಷಧ ಮಿತವಾಗಿದ್ದಾಗ ಹೆಚ್ಚು ಬಳಲಿದವರಿಗೆ ಮೊದಲು ಕೊಡುವುದು ನ್ಯಾಯವೇ. ಆದುದರಿಂದ ಸಿ.ಡಿ.-4 ಲೆಕ್ಕ 200ಕ್ಕೆ ಇಳಿದವರಿಗೆ ಮಾತ್ರ ಮಾತ್ರೆ ಎಂಬ ನಿಯಮವಿತ್ತು. ವರ್ಷಗಳು ಕಳೆದಂತೆ ಆ ಗೆರೆ 350ಕ್ಕೆ, ಆಮೇಲೆ 500ಕ್ಕೆ ಏರಿತು. ನನ್ನ ಶಿಷ್ಯನಿಗೆ 2012ರಲ್ಲಿ “ಈಗಲೇ ಬೇಡ, ಆರು ತಿಂಗಳಿಗೊಮ್ಮೆ ಬಂದು ಪರೀಕ್ಷೆ ಮಾಡಿಸಿಕೊ” ಎಂದವರು ಅಂದಿನ ಶಾಸ್ತ್ರದಂತೆ ಸರಿಯಾದುದನ್ನೇ ಹೇಳಿದ್ದರು. ಆದರೆ ‘ಬೇಡ’ ಎಂಬ ಮಾತು ಕೇಳುವವನ ಕಿವಿಯಲ್ಲಿ ಬೇರೆಯಾಗಿ ಬೆಳೆಯುತ್ತದೆ. ಮಾತ್ರೆ ಬೇಡವೆಂದರೆ ರೋಗವಿಲ್ಲ. ಮಾತ್ರೆ ಬಂತೆಂದರೆ ಕೊನೆ ಬಂತು. ಹೀಗೆ ಮಾತ್ರೆಯೇ ಮರಣದ ಗುರುತೆಂಬ ಭಾವನೆ ಬೇರೂರಿತು. ಅದಕ್ಕೆ ಸರಿಯಾಗಿ ಆ ಮೊದಲ ವರ್ಷಗಳ ಸ್ಟಾವುಡಿನ್ ಎಂಬ ಔಷಧ ಕೆಲವರ ಕೆನ್ನೆಯನ್ನು ಬತ್ತಿಸುತ್ತಿತ್ತು. ದೊಡ್ಡ ಊರಿನಲ್ಲಿ ಅದನ್ನು ಯಾರೂ ಗಮನಿಸದೆ ಇರಬಹುದು; ಎಲ್ಲರೂ ಎಲ್ಲರ ಮುಖವನ್ನೂ ಬಲ್ಲ ತಾಲ್ಲೂಕಿನ ಊರಿನಲ್ಲಿ ಬತ್ತಿದ ಕೆನ್ನೆ ಡಂಗುರ ಹೊಡೆದಂತೆ. ಮುಂದೆ ಆ ಔಷಧವನ್ನು ಕೈಬಿಟ್ಟರು. ಅದರ ಭಯ ಮಾತ್ರ ಉಳಿದುಕೊಂಡಿತು.

ಇಷ್ಟರ ಮೇಲೆ, ಗಂಡಸನ್ನು ಪ್ರೀತಿಸುವ ಗಂಡಸಿಗೆ ಇನ್ನೊಂದು ಭಾರವಿತ್ತು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನಂತೆ ಅವನ ಪ್ರೀತಿಯೇ ಅಪರಾಧ. ತನಗೆ ಸೋಂಕು ಹೇಗೆ ತಗುಲಿತೆಂದು ಆಪ್ತಸಮಾಲೋಚಕರಿಗೆ ಹೇಳುವುದೆಂದರೆ ಅಪರಾಧವನ್ನು ಒಪ್ಪಿಕೊಂಡಂತೆ ಎಂಬ ಅಳುಕು. ಬೆಂಗಳೂರಿನಲ್ಲಿ 1993ರಲ್ಲಿ ಸಂರಕ್ಷಾ ಸಂಸ್ಥೆ ಎಚ್.ಐ.ವಿ. ಕುರಿತ ಕೆಲಸಕ್ಕೆ ತೊಡಗಿತು. 1994ರಲ್ಲಿ ‘ಗುಡ್ ಆಸ್ ಯೂ’ ಎಂಬ ಸಲಿಂಗಾನುರಾಗಿಗಳ ಬಳಗವೂ 1999ರಲ್ಲಿ ‘ಸಂಗಮ’ವೂ ಹುಟ್ಟಿದವು. ನಮ್ಮ ನಾಲ್ಕು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋದವರು ಇಂಥ ಕಡೆ ಮಾತನಾಡಬಹುದಾಗಿತ್ತು. ಊರಿಗೆ ಮರಳಿ ಬಸ್ಸು ಇಳಿದರೆ ಮತ್ತೆ ಮೌನ. 2001ರಲ್ಲಿ ದೆಹಲಿಯ ನಾಜ್ ಫೌಂಡೇಷನ್ ಈ ಕಲಮಿನ ವಿರುದ್ಧ ಉಚ್ಚನ್ಯಾಯಾಲಯಕ್ಕೆ ಹೋದಾಗ ಮುಂದಿಟ್ಟ ಮುಖ್ಯವಾದ ವಾದವೇ ಆರೋಗ್ಯದ್ದು: ಶಿಕ್ಷೆಯ ಭಯವಿದ್ದರೆ ಜನ ಚಿಕಿತ್ಸೆಗೆ ಬರುವುದಿಲ್ಲ. ಸರ್ಕಾರದ್ದೇ ಆದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯೂ ನ್ಯಾಯಾಲಯದಲ್ಲಿ ಈ ಮಾತನ್ನು ಅನುಮೋದಿಸಿತು. 2009ರ ಜುಲೈ 2ರಂದು ದೆಹಲಿ ಉಚ್ಚನ್ಯಾಯಾಲಯ ಆ ಭಾರವನ್ನು ಇಳಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚನ್ಯಾಯಾಲಯ ಮತ್ತೆ ಹೊರಿಸಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಬಾಳು ಅಪರಾಧವಲ್ಲವೆಂದು ಏಕಕಂಠದಿಂದ ತೀರ್ಪಿತ್ತಿತು. ಆ ಹಳೆಯ ದಂಡಸಂಹಿತೆಯೇ 2024ರ ಜುಲೈ 1ರಂದು ತೆರೆಮರೆಗೆ ಸರಿಯಿತು.

ಕಾನೂನು ಹೀಗೆ ತೂಗುಯ್ಯಾಲೆಯಾಡುತ್ತಿದ್ದ ಕಾಲದಲ್ಲಿಯೇ ವೈದ್ಯಶಾಸ್ತ್ರ ತನ್ನ ಪ್ರಶ್ನೆಗೆ ಉತ್ತರ ಕಂಡುಕೊಂಡಿತು. ಮದ್ದನ್ನು ನಡುನಡುವೆ ನಿಲ್ಲಿಸಿದರೆ ಕೇಡೆಂದು 2006ರಲ್ಲಿ ಒಂದು ಪರೀಕ್ಷೆ ತೋರಿಸಿತು. ಆಮೇಲೆ 35 ದೇಶಗಳ 4,685 ಮಂದಿಯನ್ನು ಸೇರಿಸಿಕೊಂಡು ‘ಸ್ಟಾರ್ಟ್’ ಎಂಬ ಮಹಾಪರೀಕ್ಷೆ ನಡೆಯಿತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಲಿಂಗಾನುರಾಗಿ ಪುರುಷರು. ಎಲ್ಲರ ಸಿ.ಡಿ.-4 ಲೆಕ್ಕವೂ 500ಕ್ಕೆ ಮೇಲಿತ್ತು. ಅರ್ಧ ಮಂದಿ ಕೂಡಲೆ ಮದ್ದು ಮೊದಲಿಟ್ಟರು, ಉಳಿದರ್ಧ ಮಂದಿ 350ಕ್ಕೆ ಇಳಿಯುವವರೆಗೆ ಕಾದರು. 2015ರಲ್ಲಿ, ಗೊತ್ತುಮಾಡಿದ್ದ ಗಡುವಿಗಿಂತ ಮುಂಚೆಯೇ ಪರೀಕ್ಷೆಯ ಫಲವನ್ನು ಹೊರಗೆಡಹಬೇಕಾಯಿತು. ಕೂಡಲೆ ಮೊದಲಿಟ್ಟವರಲ್ಲಿ ಕಠಿಣ ವ್ಯಾಧಿ ಮತ್ತು ಮರಣ ಶೇಕಡಾ 57ರಷ್ಟು ಕಡಿಮೆಯಾಗಿದ್ದವು. ಇನ್ನು ಕಾಯಿಸುವುದು ಅನ್ಯಾಯವಾಗುತ್ತಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ, ಲೆಕ್ಕ ಎಷ್ಟೇ ಇರಲಿ, ಸೋಂಕಿರುವ ಪ್ರತಿಯೊಬ್ಬರಿಗೂ ಚಿಕಿತ್ಸೆ ಕೊಡಿರೆಂದಿತು. 2017ರಲ್ಲಿ ಭಾರತವೂ ಅದನ್ನೇ ನಿಯಮ ಮಾಡಿಕೊಂಡಿತು.

ಮತ್ತೊಂದು ಸಂಗತಿ ಇದಕ್ಕಿಂತಲೂ ದೊಡ್ಡದು. ಒಬ್ಬನಿಗೆ ಸೋಂಕಿದ್ದು ಇನ್ನೊಬ್ಬನಿಗೆ ಇಲ್ಲದ 782 ಪುರುಷ ಜೋಡಿಗಳನ್ನು ಯುರೋಪಿನ ವೈದ್ಯರು ವರ್ಷಗಟ್ಟಲೆ ಗಮನಿಸಿದರು. ಮದ್ದಿನಿಂದ ವೈರಾಣು ಕಾಣದಷ್ಟು ಅಡಗಿದ್ದ ಸಂಗಾತಿಯಿಂದ ಇನ್ನೊಬ್ಬನಿಗೆ ಒಂದು ಸಲವಾದರೂ ಸೋಂಕು ದಾಟಲಿಲ್ಲವೆಂದು 2019ರಲ್ಲಿ ಪ್ರಕಟಿಸಿದರು. ದಿನವೂ ತಪ್ಪದೆ ಮಾತ್ರೆ ನುಂಗಿ ವೈರಾಣುವನ್ನು ಅಡಗಿಸಿದವನಿಂದ ಅವನ ಪ್ರೀತಿಪಾತ್ರರಿಗೆ ಅಪಾಯವಿಲ್ಲ. ಮದ್ದು ತನ್ನೊಬ್ಬನನ್ನಲ್ಲದೆ ತನ್ನವರನ್ನೂ ಕಾಯುತ್ತದೆ ಎಂಬುದು ತಿಳಿದ ಮೇಲೆ ಅನೇಕರ ಮನಸ್ಸು ತಿರುಗಿತು. ಹಿಂದೆ ಮರಣದ ಗುರುತಾಗಿದ್ದ ಮಾತ್ರೆ ಸಂಸಾರದ ಕಾವಲಾಯಿತು. ಈಗಿನದು ದಿನಕ್ಕೊಂದು ಮಾತ್ರೆ. 2020ರ ಸುಮಾರಿಗೆ ಬಂದ ಡೊಲುಟೆಗ್ರಾವಿರ್ ಎಂಬ ಔಷಧ ಹಿಂದಿನವುಗಳಿಗಿಂತ ಬಹಳ ಸೌಮ್ಯ.

ಶಿಷ್ಯನ ಪ್ರಶ್ನೆಗೆ ಇದೇ ಉತ್ತರ. ಅಂದು ‘ಬೇಡ’ ಎಂದವರೂ ಇಂದು ‘ಬೇಕು’ ಎನ್ನುವವರೂ ಸುಳ್ಳು ಹೇಳಿದವರಲ್ಲ. ಮದ್ದು ಒರಟಾಗಿದ್ದಾಗ, ದುಬಾರಿಯಾಗಿದ್ದಾಗ, ಮಿತವಾಗಿದ್ದಾಗ ಕಾಯುವುದಕ್ಕೆ ಕಾರಣವಿತ್ತು. ಆ ಕಾರಣಗಳು ಒಂದೊಂದಾಗಿ ಕಳಚಿ ಬಿದ್ದಿವೆ. ಹಾಗಿದ್ದೂ ಇಂದಿಗೂ ಕೆಲವರ ಕೈ ತಡೆಯುತ್ತಿರುವುದೇಕೆ?

ಆ ದಿನ ಅವನು ಹೊರಡುವ ಮುನ್ನ ಇನ್ನೊಂದು ಮಾತು ಕೇಳಿದ. “ಜೊತೆಗೆ ಮನೆಯವರು ಯಾರಾದರೂ ಇದ್ದರೆ ಒಳ್ಳೆಯದು ಅಂತಾರೆ ಸಾರ್. ಅಮ್ಮನಿಗೆ ಹೇಳೋ ಧೈರ್ಯ ಇಲ್ಲ. ನೀವು ಬರ್ತೀರಾ?” ನಾನು ಕೂಡಲೆ ಹೂಂ ಎನ್ನಲಿಲ್ಲ. ಅದಕ್ಕೆ ಮುಂಚೆ, “ಮದುವೆ ಮಾಡಿಕೊಂಡಿದ್ದರೆ ಇದೆಲ್ಲ ಇರುತ್ತಿರಲಿಲ್ಲವಲ್ಲಪ್ಪ” ಎಂದೂ ಅಂದಿದ್ದೆ. ಆ ಮಾತು ತಪ್ಪೆಂದು ಈಗ ಬಲ್ಲೆ. ಬೇಡದ ಮದುವೆಯಿಂದ ಇನ್ನೊಂದು ಹೆಣ್ಣಿನ ಬಾಳೂ ಕೆಡುತ್ತಿತ್ತೇ ಹೊರತು ಅವನ ಮನಸ್ಸು ಬದಲಾಗುತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಗುರುತಿನವರು ಸಿಕ್ಕಿ, “ಏನು ಮೇಷ್ಟ್ರೇ, ಈ ಕಡೆ?” ಎಂದರೆ ಏನು ಹೇಳಲಿ ಎಂಬ ಯೋಚನೆಯೇ ನನಗೆ ಮೊದಲು ಹೊಳೆದುದು. ಒಂದು ಬೆಳಗಿನ ಮಟ್ಟಿಗೆ ನನ್ನನ್ನು ಹಿಡಿದ ಆ ಅಂಜಿಕೆಯನ್ನು ಅವನು ಆರು ವರ್ಷ ಹೊತ್ತಿದ್ದನೆಂದು ಆಮೇಲೆ ತಿಳಿಯಿತು. ಮರುವಾರ ಹೋದೆವು. ಯಾರೂ ಏನೂ ಕೇಳಲಿಲ್ಲ. ಮೊದಲ ತಿಂಗಳು ಕೆಟ್ಟ ಕನಸುಗಳೂ ತಲೆಸುತ್ತೂ ಇದ್ದವೆಂದ, ಆಮೇಲೆ ತಗ್ಗಿದವು. ಈಗ ರಾತ್ರಿ ಊಟವಾದ ಮೇಲೆ ಒಂದು ಮಾತ್ರೆ ನುಂಗಿ ಮಲಗುತ್ತಾನೆ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾನೆ. ತಾಯಿಗೆ ಎರಡು ವರ್ಷದ ಮೇಲೆ ಹೇಳಿದ. ಆಕೆ ಅತ್ತರಂತೆ, ಆಮೇಲೆ, “ಮಾತ್ರೆ ತೊಗೊಂಡೆಯೇನೋ?” ಎಂದು ದಿನವೂ ಫೋನಿನಲ್ಲಿ ಕೇಳತೊಡಗಿದರಂತೆ.

2018ರ ಸೆಪ್ಟೆಂಬರಿನ ಎರಡು ದಿನಗಳನ್ನು ಚರಿತ್ರೆ ಓದುವವರು ಜೊತೆಯಾಗಿ ನೆನಪಿಡಬೇಕು. 6ರಂದು ಸರ್ವೋಚ್ಚನ್ಯಾಯಾಲಯದ ತೀರ್ಪು. 10ರಂದು, ಎಂದರೆ ನಾಲ್ಕೇ ದಿನ ಕಳೆದು, 2017ರ ಎಚ್.ಐ.ವಿ. ಕಾಯಿದೆ ಜಾರಿಗೆ ಬಂದಿತು. ಸೋಂಕಿದೆಯೆಂದು ಒಬ್ಬರನ್ನು ಕೆಲಸದಿಂದ, ಶಾಲೆಯಿಂದ, ಬಾಡಿಗೆಯ ಮನೆಯಿಂದ ಹೊರಗೆ ಹಾಕುವುದನ್ನು ಅದು ನಿಷೇಧಿಸಿತು. ಅವರ ಗುಟ್ಟನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆಂದು ವಿಧಿಸಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಪರೀಕ್ಷೆಯೂ, ಜಿಲ್ಲೆಯ ಕೇಂದ್ರದಲ್ಲಿ ಮದ್ದೂ ಉಚಿತ. 1097 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹೆಸರು ಹೇಳದೆಯೇ ವಿಚಾರಿಸಬಹುದು. ವೈದ್ಯರು ಮಾಡಬಹುದಾದುದನ್ನು ಮಾಡಿದ್ದಾರೆ, ನ್ಯಾಯಾಧೀಶರೂ ಮಾಡಿದ್ದಾರೆ. ಊರ ಬಾಯಿಗೆ ಬೀಗವಿಲ್ಲವೆಂದು ಹಿರಿಯರು ಹೇಳುವುದುಂಟು. ಆದರೆ ಊರ ಬಾಯಿ ಎಂದರೆ ನಮ್ಮ ನಮ್ಮ ಮನೆಯ ಬಾಯಿಗಳೇ ಅಲ್ಲವೆ? ನಡುಮನೆಯಲ್ಲಿ ಕುಳಿತು ಇಂಥವರನ್ನು ಕುರಿತು ನಾವು ಆಡುವ ಒಂದೊಂದು ಹಗುರ ಮಾತನ್ನೂ, ಒಳಕೋಣೆಯಲ್ಲಿ ನಮ್ಮವನೇ ಒಬ್ಬ ಮಗನೋ ತಮ್ಮನೋ ಕೇಳಿಸಿಕೊಳ್ಳುತ್ತಿರಬಹುದು. ಮದ್ದು ಮೊದಲಿಡುವ ಹೊತ್ತನ್ನು ಅವನು ನಿಶ್ಚಯಿಸುವುದು ಆ ಮಾತನ್ನು ಕೇಳಿಯೇ.